ಕೈಯಲ್ಲೇ ಇಂಗ್ಲಿಷ್ ಕಲಿಸುವ ಮೇಷ್ಟ್ರು

ಇಂಗ್ಲಿಷ್ ಮೇಷ್ಟ್ರು ಪಾಠ ಮಾಡುವುದು ಬಾಯಿಗಿಂತ ಹೆಚ್ಚಾಗಿ ಕೈಯಲ್ಲಿ. ಹೆಬ್ಬೆರಳು ಭುಜದ ಹಿಂದಕ್ಕೆ ಹೋದರೆ ಭೂತಕಾಲ, ತೋರುಬೆರಳು ಕಿಟಕಿಯತ್ತ ಚಾಚಿದರೆ ಭವಿಷ್ಯತ್ಕಾಲ, ಹುಬ್ಬು ಹಾರಿದರೆ ಸ್ಪೆಲಿಂಗ್ ತಪ್ಪು. "ನನ್ನ ಉಚ್ಚಾರ ದೇವರಿಗೇ ಪ್ರೀತಿ, ಅದಕ್ಕೇ ಕೈಗೆ ಕೆಲಸ ಕೊಟ್ಟಿದೀನಿ" ಎಂದು ತಮ್ಮನ್ನೇ ಆಡಿಕೊಳ್ಳುತ್ತಾರೆ. ಮನೆಯಲ್ಲೂ ನೀರು ಬೇಕೆಂದರೆ ಹೆಬ್ಬೆರಳನ್ನು ಬಾಯತ್ತ ಎತ್ತುತ್ತಾರೆ, "ನಾನೇನು ಏಳನೇ ಕ್ಲಾಸಾ? ಬಾಯಿಬಿಟ್ಟು ಕೇಳಿ" ಎನ್ನುತ್ತಾರೆ ಹೆಂಡತಿ. ಮೊನ್ನೆ ಗಟ್ಟಿಯಾಗಿ ಓದುತ್ತಿದ್ದ ಹುಡುಗಿಯೊಬ್ಬಳು ಒಂದು ಪದದಲ್ಲಿ ಎಡವಿದಾಗ ತರಗತಿ ಗೊಳ್ಳೆಂದಿತು, ಅವಳ ಕಣ್ಣು ತುಂಬಿತು. ಮೇಷ್ಟ್ರು ಪುಸ್ತಕ ತೆಗೆದುಕೊಂಡು ಅದೇ ಪದದಲ್ಲಿ ಎರಡು ಸಲ ಎಡವಿದರು. ನಗು ಅವರತ್ತ ತಿರುಗಿತು. ಹುಡುಗಿಯೂ ನಕ್ಕು ಮುಂದೆ ಓದಿದಳು. "ಬೇಕಂತಲೇ ತಪ್ಪಾಗಿ ಓದಿದ್ರಾ?" ಎಂದು ಸಂಜೆ ಮನೆಯಲ್ಲಿ ಈ ಸಂಗತಿ ಕೇಳಿದ ಹೆಂಡತಿ ವಿಚಾರಿಸಿದಾಗ ಮೇಷ್ಟ್ರು ತಲೆ ಕೆರೆದುಕೊಂಡರು. "ಮೊದಲನೇ ಸಲ ಬೇಕಂತ. ಎರಡನೇ ಸಲ ಸರಿಯಾಗಿ ಹೇಳೋಣ ಅಂತಲೇ ಹೊರಟಿದ್ದೆ."