ದೀಪದ ಮುಂದಿನ ನಮಸ್ಕಾರ

ಮಗಳಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಅಜ್ಜಾವರದ ನಮ್ಮ ಮನೆಯಲ್ಲಿ ಅವಳದ್ದೇ ಸುದ್ದಿ. ಸಂಜೆ ನಿದ್ದೆಯಿಂದ ಎದ್ದವಳನ್ನು ಅತ್ತೆ ಮಡಿಲಲ್ಲಿಟ್ಟುಕೊಂಡು ದೇವರ ದೀಪದ ಮುಂದೆ ಕೂತರೆ, ತಲೆ ಬಗ್ಗಿಸಿ ಎರಡೂ ಕೈಗಳನ್ನು ಮುಂದಕ್ಕೆ ತರುತ್ತಿದ್ದಳು. ಒಮ್ಮೆಯಲ್ಲ, ಮತ್ತೆ ಮತ್ತೆ. ನೆಂಟರು ಬಂದು ನೋಡಿ ಹೋದರು. ನನ್ನ ಗಂಡ ವೀಡಿಯೊ ಮಾಡಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ ಬೀಗಿದರು.

ನನಗೆ ಮಾತ್ರ ಅದು ಸರಿ ಕಾಣಲಿಲ್ಲ. ಕೈ ಮುಂದೆ ತರುವಾಗ ಅವಳ ಕಣ್ಣು ದೀಪದ ಮೇಲಿರುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಅಳುತ್ತಿದ್ದಳು. ನನ್ನನ್ನು ಕಂಡರೆ ನಗುತ್ತಿದ್ದವಳು ನಗುವುದನ್ನೂ ಬಿಟ್ಟಿದ್ದಳು. ಹುಟ್ಟುವಾಗಲೇ ಹಣೆಯ ಒಂದು ಬದಿಯಿಂದ ಮೂಗಿನವರೆಗೆ ಒರಟಾದ ಹಳದಿ ಗೆರೆಯೊಂದಿತ್ತು, ಅದೇ ಬದಿಯ ತಲೆಯೂ ತುಸು ದೊಡ್ಡದು. ಹೆಸರುಹಿಟ್ಟು ತಿಕ್ಕಿದರೆ ಗೆರೆ ಹೋಗುತ್ತದೆ, ಎಣ್ಣೆ ಹಾಕಿ ಒತ್ತಿದರೆ ತಲೆ ಸರಿಯಾಗುತ್ತದೆ ಎಂದು ಅತ್ತೆ ನಂಬಿದ್ದರು.

“ನಿಂಗೆ ಎಲ್ಲದಕ್ಕೂ ಹೆದರಿಕೆ ಮಾರಾಯ್ತಿ. ಮಗು ದೇವರಿಗೆ ಕೈ ಮುಗಿದ್ರೆ ಅದಕ್ಕೂ ಡಾಕ್ಟ್ರು ಬೇಕಾ?” ಎಂದರು ಅತ್ತೆ, ನಾನು ಡಾಕ್ಟರಿಗೆ ತೋರಿಸೋಣ ಎಂದಾಗ.

ನಾನು ಜಗಳ ಮಾಡಿಯೇ ಪುತ್ತೂರಿಗೆ ಹೊರಟೆ. ಮಕ್ಕಳ ಡಾಕ್ಟರು ವೀಡಿಯೊ ನೋಡಿ, ಮತ್ತೊಮ್ಮೆ ನೋಡಿ, “ಇದು ನಮಸ್ಕಾರ ಅಲ್ಲಮ್ಮ, ಫಿಟ್ಸ್” ಎಂದರು. ಮಂಗಳೂರಿನಲ್ಲಿ ಸ್ಕ್ಯಾನ್ ಆಯಿತು. ಮೆದುಳಿನ ಒಂದು ಬದಿ ಗರ್ಭದಲ್ಲೇ ಅತಿಯಾಗಿ ಬೆಳೆದಿತ್ತು. ಹಣೆಯ ಗೆರೆಯೂ ಅದೇ ಕಾಯಿಲೆಯದು. ತೀರಾ ಅಪರೂಪವಂತೆ, ಯಾರ ತಪ್ಪೂ ಅಲ್ಲವಂತೆ. ಫಿಟ್ಸ್ ನಿಲ್ಲದಿದ್ದರೆ ಮಗು ನಮ್ಮನ್ನು ಗುರುತಿಸುವುದೂ ಕಷ್ಟವಾಗಬಹುದು ಎಂದರು ಅಲ್ಲಿಯ ಡಾಕ್ಟರು.

“ಮದ್ದು ತಪ್ಪಿಸಬೇಡಿ. ಕೈ ಎತ್ತಿದಾಗೆಲ್ಲ ವೀಡಿಯೊ ಮಾಡಿ ತನ್ನಿ” ಎಂದು ಕಳುಹಿಸಿದರು.

ಆಮೇಲೆ ದೀಪದ ಮುಂದೆ ಮಗುವನ್ನು ಯಾರೂ ಕರೆದೊಯ್ಯಲಿಲ್ಲ. ಅತ್ತೆ ಒಬ್ಬರೇ, ನನ್ನ ಮುಖ ನೋಡದೆ, ಕೈ ಮುಗಿದು ಏಳುತ್ತಿದ್ದರು. ಮದ್ದಿನಿಂದ ಫಿಟ್ಸ್ ಕಡಿಮೆಯಾಯಿತು, ನನ್ನ ಹೆದರಿಕೆ ಕಡಿಮೆಯಾಗಲಿಲ್ಲ. ಅವಳು ಆಕಳಿಸಿದರೂ ಮೊಬೈಲಿಗೆ ಕೈ ಹಾಕುತ್ತಿದ್ದೆ.

ಮೊನ್ನೆ ಬೆಳಿಗ್ಗೆ ಬಟ್ಟೆ ಒಣಹಾಕಿ ಒಳಗೆ ಬಂದೆ. ಚಾಪೆಯ ಮೇಲಿದ್ದವಳು ಎರಡೂ ಕೈ ಎತ್ತಿದಳು. ನಾನು ನಿಂತಲ್ಲೇ ವೀಡಿಯೊ ಶುರುಮಾಡಿದೆ. ಅವಳು ಕೈ ಇಳಿಸಲಿಲ್ಲ, ಮುಖ ಸಣ್ಣದು ಮಾಡಿ ಅಳತೊಡಗಿದಳು.

ಹಿಂದಿನಿಂದ ಅತ್ತೆ ಮೆಲ್ಲನೆ ಹೇಳಿದರು, “ಅದು ಫಿಟ್ಸ್ ಅಲ್ಲ. ನಿನ್ನನ್ನೇ ನೋಡ್ತಾ ಉಂಟು. ಎತ್ತಿಕೊಳ್ಳಿಕ್ಕೆ ಹೇಳುದು.”

ಅಂದು ಮಗು ದೇವರಿಗೆ ಕೈ ಮುಗಿಯುತ್ತದೆ ಎಂದೂ ಅತ್ತೆ ಇಷ್ಟೇ ಖಚಿತವಾಗಿ ಹೇಳಿದ್ದರು. ಮಗಳು ನನ್ನತ್ತ ಕೈ ಚಾಚಿಕೊಂಡು ಅಳುತ್ತಲೇ ಇದ್ದಳು, ನಾನು ವೀಡಿಯೊ ಮಾಡುತ್ತಲೇ ಇದ್ದೆ.