ಭಾವನವರ ಕಾರಿನ ಸೆಲ್ಫ್

ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವನವರು, ಚಿಕ್ಕಬಳ್ಳಾಪುರದ ಒಂದು ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಕಚೇರಿಯಲ್ಲಿ ಅವರ ಮಾತು ಎಷ್ಟು ನಡೆಯುತ್ತದೋ ಗೊತ್ತಿಲ್ಲ. ಕಳವಾರದ ಕಡೆ ಇರುವ ನಮ್ಮ ಮನೆಯಲ್ಲಿ ಮಾತ್ರ ಅವರು ಬಾಯಿ ತೆರೆದರೆ ಕುಕ್ಕರ್ ಕೂಡ ಸೀಟಿ ಹಾಕಲು ಹಿಂದೆಮುಂದೆ ನೋಡುತ್ತದೆ. ನಾನು ಗೌರಿಬಿದನೂರಿನ ಒಂದು ಐಟಿಐನಲ್ಲಿ ವಾಹನಗಳ ಮೋಟಾರು ಬಿಚ್ಚಿ ಜೋಡಿಸುವುದನ್ನು ಕಲಿಸುತ್ತೇನೆ. ಮನೆಯಲ್ಲಿ ಇದಕ್ಕೆ ‘ಟೀಚರ್ ಕೆಲಸ’ ಎಂದು ಹೆಸರು. ಏನು ಕಲಿಸುತ್ತೀಯ ಎಂದು ಮದುವೆಯಾಗಿ ಬಂದ ಮೇಲೆ ಒಬ್ಬರೂ ಕೇಳಿರಲಿಲ್ಲ. ಮಕ್ಕಳಿಗೆ ಪದ್ಯ ಹೇಳಿಕೊಡುತ್ತೇನೆ ಅಂದುಕೊಂಡಿದ್ದರೋ ಏನೋ.

ಚಿಂತಾಮಣಿಯಲ್ಲಿ ಓರಗಿತ್ತಿಯ ಕಡೆಯವರ ನಿಶ್ಚಿತಾರ್ಥ ಮುಗಿಸಿ ಹೊರಟಾಗ ಭಾವನವರ ಕಾರು ಮೊದಲ ಸಲ ಕೈಕೊಟ್ಟಿತು. ಕೀಲಿ ತಿರುಗಿಸಿದರೆ ‘ಟಕ್’ ಎಂಬ ಸದ್ದು, ಅಷ್ಟೇ. ಕಲ್ಯಾಣಮಂಟಪದ ಬಾಗಿಲಲ್ಲಿ ನೆಂಟರೆಲ್ಲ ತಾಂಬೂಲದ ಚೀಲ ಹಿಡಿದು ನಿಂತಿದ್ದರು. ನಾನು ಕಿಟಕಿಯ ಹತ್ತಿರ ಬಗ್ಗಿ, “ಭಾವ, ಒಂದ್ಸಲ ಹೆಡ್‌ಲೈಟ್ ಹಾಕಿ” ಅಂದೆ. ದೀಪ ಝಗ್ಗನೆ ಉರಿಯಿತು.

“ಬ್ಯಾಟರಿ ಚೆನ್ನಾಗೇ ಇದೆ. ಸೆಲ್ಫ್ ಮೋಟಾರಲ್ಲಿ ಕಾರ್ಬನ್ ಸವೆದಿರ್ಬೇಕು” ಅಂದೆ.

ಕೀಲಿ ತಿರುಗಿಸಿದಾಗ ಇಂಜಿನ್ನನ್ನು ಮೊದಲು ತಿರುಗಿಸಿಕೊಡುವ ಸ್ಟಾರ್ಟರ್ ಮೋಟಾರಿಗೆ ನಮ್ಮ ಕಡೆ ಎಲ್ಲರೂ ಸೆಲ್ಫ್ ಅನ್ನುವುದು. ಭಾವನವರು ನನ್ನ ಕಡೆ ತಿರುಗಲೂ ಇಲ್ಲ. “ಪೆಟ್ರೋಲ್ ಕಲಬೆರಕೆ ಕಣಮ್ಮ. ನೀವೆಲ್ಲ ಸ್ವಲ್ಪ ತಳ್ಳಿ” ಅಂದರು.

ರೇಷ್ಮೆ ಸೀರೆ ಉಟ್ಟ ಹೆಂಗಸರೆಲ್ಲ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಳ್ಳಿದೆವು. ಭಾವನವರು ಸ್ಟೇರಿಂಗ್ ಹಿಡಿದು ಕೂತು, “ಇನ್ನೂ ಜೋರಾಗಿ, ಶಕ್ತಿ ಇಲ್ವೇನ್ರಮ್ಮ” ಎಂದು ಹುರಿದುಂಬಿಸಿದರು. ನಮ್ಮ ಜೊತೆ ತಳ್ಳುತ್ತಿದ್ದ ಹೆಣ್ಣಿನ ಕಡೆಯ ಮುದುಕಿಯೊಬ್ಬರು, “ಲೋಪಲ ಕೂರ್ಚುನ್ನಾಯನ ಯಾರಮ್ಮ, ಮದುಮಗನಾ?” ಎಂದು ಅರ್ಧ ತೆಲುಗಿನಲ್ಲಿ, ಒಳಗೆ ಕೂತವರು ಯಾರೆಂದು ಕೇಳಿದರು. ನಾನು ನಗು ತಡೆದುಕೊಂಡು ತಳ್ಳಿದೆ. ಕಾರು ಕೆಮ್ಮಿ ಹೊರಟಿತು.

ಆಮೇಲೆ ಭಾವನವರ ಚಿಕಿತ್ಸೆ ಶುರುವಾಯಿತು. ಬೇರೆ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದರು. ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಚೆನ್ನಾಗಿದ್ದ ಬ್ಯಾಟರಿ ತೆಗೆದು ಹೊಸದು ಹಾಕಿಸಿದರು. ಯಾವುದಕ್ಕೂ ಬಗ್ಗದಿದ್ದಾಗ, ಕಾರನ್ನು ಇಳಿಜಾರಿನಲ್ಲೇ ನಿಲ್ಲಿಸುವ ಉಪಾಯ ಕಂಡುಕೊಂಡರು. ಬ್ರೇಕ್ ಬಿಟ್ಟರೆ ಕಾರು ತಾನೇ ಉರುಳಿ, ಗೇರಿಗೆ ಬಿದ್ದು ಸ್ಟಾರ್ಟ್ ಆಗುತ್ತಿತ್ತು. ಅಲ್ಲಿಂದ ಮುಂದೆ ನಮ್ಮ ಮನೆಯ ವ್ಯವಹಾರವೆಲ್ಲ ಇಳಿಜಾರನ್ನು ನೋಡಿಕೊಂಡೇ ನಡೆಯಿತು. ಯಾವಾಗಲೂ ತರಕಾರಿ ತರುತ್ತಿದ್ದ ಅಂಗಡಿ ಸಮತಟ್ಟಿನಲ್ಲಿತ್ತು, ಅದು ಹೋಯಿತು. ಒಳ್ಳೆಯ ದಂತವೈದ್ಯರನ್ನು ಬಿಟ್ಟು ದಿಬ್ಬದ ಮೇಲಿನವರ ಹತ್ತಿರ ಓರಗಿತ್ತಿಯ ಹಲ್ಲು ಕೀಳಿಸಿದರು. ಶಿಡ್ಲಘಟ್ಟದ ಒಂದು ಗೃಹಪ್ರವೇಶಕ್ಕೆ, “ಅವ್ರ ಮನೆ ಮುಂದೆ ರೋಡು ಫ್ಲಾಟು, ಹೋಗೋದು ಬೇಡ” ಎಂದುಬಿಟ್ಟರು.

ಅತ್ತೆ ಒಂದು ಸಂಜೆ ನನ್ನನ್ನು ಕೇಳಿದರು: “ನೀನು ಅವತ್ತು ಏನೋ ಅಂದ್ಯಲ್ಲಮ್ಮ, ಕಾರ್ಬನ್ನು ಅಂತ. ಅದೇನು?”

ನಾನು ವಿವರಿಸಿದೆ. ಮೋಟಾರಿನೊಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸಲು ಇದ್ದಿಲಿನಂಥ ಚಿಕ್ಕ ತುಂಡುಗಳಿರುತ್ತವೆ, ತಿಕ್ಕಿ ತಿಕ್ಕಿ ಅವು ಸವೆಯುತ್ತವೆ ಎಂದೆ. ಅತ್ತೆ, “ಹಂಗಾದ್ರೆ ಐಟಿಐಲಿ ನೀನು ಹೇಳ್ಕೊಡೋದು ಇದನ್ನೇನಾ?” ಅಂದರು.

“ಹೂಂ ಅತ್ತೆ.”

“ಮತ್ತೆ ಹೇಳ್ಬಾರ್ದಾ” ಅಂದರು. ಹೇಳಲು ಬಾಯಿ ತೆರೆಯುವುದರೊಳಗೆ ಈ ಮನೆಯಲ್ಲಿ ಮಾತು ಮುಗಿದಿರುತ್ತದೆ ಎಂದು ಅವರಿಗೆ ನಾನು ಹೇಳಬೇಕಾಗಿರಲಿಲ್ಲ.

ಅತ್ತೆಯ ಒತ್ತಾಯಕ್ಕೆ ಮುಂದಿನ ಭಾನುವಾರ ಸೆಲ್ಫ್ ಬಿಚ್ಚುವುದೆಂದು ತೀರ್ಮಾನವಾಯಿತು. ಬಿಚ್ಚುವವರು ಮಾತ್ರ ಭಾವನವರೇ. “ಪಾಠ ಬೇರೆ, ಕೆಲಸ ಬೇರೆ ಕಣಮ್ಮ. ಹೆಣ್ಮಕ್ಳು ಕೈಗೆ ಗ್ರೀಸ್ ಯಾಕೆ? ನಾನು ವಿಡಿಯೋ ನೋಡಿದೀನಿ” ಅಂದರು. ನನ್ನ ಗಂಡ ಅಣ್ಣನ ಎದುರು ಮಾತಾಡುವವರಲ್ಲ. ಅವರು ಅಂದು ಬೆಳಿಗ್ಗೆಯೇ ಹಾಲಿನ ಡೈರಿಗೆ ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ಅಷ್ಟು ಹೊತ್ತು ಯಾವ ಹಾಲು ಕರೆಯುತ್ತಿದ್ದರೋ.

“ಭಾವ, ಮೊದ್ಲು ಬ್ಯಾಟರಿದು ಮೈನಸ್ ವೈರ್ ತೆಗೀರಿ” ಅಂದೆ.

“ವಿಡಿಯೋದಲ್ಲಿ ಹಂಗೇನೂ ಹೇಳ್ಲಿಲ್ಲ” ಅಂದವರೇ ಸ್ಪ್ಯಾನರ್ ಇಳಿಸಿದರು. ಅದರ ಒಂದು ತುದಿ ಮೋಟಾರಿನ ದಪ್ಪ ವೈರಿಗೂ ಇನ್ನೊಂದು ತುದಿ ಇಂಜಿನ್ನಿನ ಮೈಗೂ ತಗಲಿ ಫಳಾರನೆ ಕಿಡಿ ಹಾರಿತು. ಭಾವನವರು ಎರಡು ಹೆಜ್ಜೆ ಹಿಂದಕ್ಕೆ ಹಾರಿದರು. ಸ್ಪ್ಯಾನರಿನ ಅಂಚು ಕರಗಿ ಗುಳಿ ಬಿದ್ದಿತ್ತು. ಅದೇ ಕ್ಷಣಕ್ಕೆ ಅವರಿಗೆ ಕಚೇರಿಯ ಫೋನು ಬಂತು. ಭಾನುವಾರ ಬಂದ ಆ ಫೋನಿನ ರಿಂಗು ನಮಗ್ಯಾರಿಗೂ ಕೇಳಿಸಲಿಲ್ಲ.

ಅವರು ಮಾವಿನ ಮರದಡಿ ಫೋನು ಕಿವಿಗಿಟ್ಟುಕೊಂಡು ಓಡಾಡುವಷ್ಟರಲ್ಲಿ ನಾನು ಚೂಡಿದಾರದ ತೋಳು ಮಡಚಿ, ಬ್ಯಾಟರಿ ವೈರ್ ತೆಗೆದು, ಮೋಟಾರನ್ನು ಕೆಳಗಿಳಿಸಿದೆ. ಹಿತ್ತಿಲಲ್ಲಿ ಗೋಣಿಚೀಲ ಹಾಸಿ ಕೂತೆ. ಪಕ್ಕದಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತ ಕೂತರು. ಉದ್ದನೆಯ ಬೋಲ್ಟು ಬಿಚ್ಚಿ ಹಿಂದಿನ ಮುಚ್ಚಳ ತೆಗೆದಾಗ ಕಪ್ಪು ಹುಡಿ ಸುರಿಯಿತು. ಕಾರ್ಬನ್ ತುಂಡುಗಳು ಸವೆದು ಕಡಲೆಬೇಳೆಯಷ್ಟಾಗಿದ್ದವು. ತಿರುಗುವ ಆರ್ಮೇಚರಿನ ತಾಮ್ರದ ಪಟ್ಟಿಗಳು ಮಸಿ ಹಿಡಿದಿದ್ದವು. ನಯವಾದ ಉಪ್ಪುಕಾಗದದಲ್ಲಿ ಸುತ್ತಲೂ ಉಜ್ಜಿದೆ. ಪಟ್ಟಿಗಳ ನಡುವಿನ ಸಂದಿಯಲ್ಲಿ ಕೂತ ಮಸಿಯನ್ನು ಮುರಿದ ಗರಗಸದ ಬ್ಲೇಡಿನಿಂದ ಕೆರೆದು ತೆಗೆದೆ.

“ಅಷ್ಟು ಸಣ್ಣ ಸಂದಿ ಯಾಕೆ ಬಿಡ್ಸೋದು?” ಅತ್ತೆ ಕೇಳಿದರು.

“ಮಸಿ ಇದ್ರೆ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಕರೆಂಟ್ ದಾಟ್ಬಿಡತ್ತೆ ಅತ್ತೆ.”

ಆರ್ಮೇಚರ್ ಎಲ್ಲಾದರೂ ಸುಟ್ಟು ಅದರ ಕಬ್ಬಿಣದ ಮೈಗೆ ಕರೆಂಟ್ ಹಾಯುತ್ತಿದೆಯೇ ಎಂದು ಟೆಸ್ಟ್ ಲ್ಯಾಂಪ್ ಇಟ್ಟು ನೋಡಿದೆ. ದೀಪ ಹತ್ತಲಿಲ್ಲ. “ಹತ್ತದಿದ್ರೇ ಒಳ್ಳೇದು” ಅಂದೆ. ಅತ್ತೆಗೆ ಇದು ಬಹಳ ಹಿಡಿಸಿತು. ಹೊಸ ಕಾರ್ಬನ್ನುಗಳನ್ನು ನಾನು ಹಿಂದಿನ ದಿನವೇ ತಂದಿಟ್ಟಿದ್ದೆ. ಅವುಗಳನ್ನು ಕೂರಿಸಿ, ಇಂಜಿನ್ನಿನ ಹಲ್ಲಿಗೆ ಹೋಗಿ ಕಚ್ಚುವ ಪುಟ್ಟ ಗೇರು ಜಾರುವ ಕಡೆ ತೆಳುವಾಗಿ ಗ್ರೀಸ್ ಸವರಿ, ಎಲ್ಲವನ್ನೂ ಮತ್ತೆ ಜೋಡಿಸಿದೆ.

ಇನ್ನು ಕಾರಿಗೆ ಹಾಕುವ ಮೊದಲು ನೆಲದ ಮೇಲೇ ಓಡಿಸಿ ನೋಡಬೇಕು. ಈ ಹೊತ್ತಿಗೆ ಸರಿಯಾಗಿ ಭಾವನವರ ಫೋನು ಮುಗಿಯಿತು. ಬರುವಾಗ ಅವರು ಬೇಲಿಯಾಚೆಯ ಇಬ್ಬರನ್ನು, “ಬನ್ರಪ್ಪ, ಸೆಲ್ಫ್ ಟೆಸ್ಟ್ ಮಾಡ್ತಿದೀನಿ, ನೋಡೋರಂತೆ” ಎಂದು ಕರೆದುಕೊಂಡು ಬಂದರು. ಬ್ಯಾಟರಿ ತಂದಿಟ್ಟು ದಪ್ಪ ವೈರುಗಳನ್ನು ಕೈಗೆ ತೆಗೆದುಕೊಂಡರು.

“ಭಾವ, ಮೊದ್ಲು ಬಿಗಿಯಾಗಿ ಕಟ್ಟಬೇಕು. ಒದೆಯತ್ತೆ.”

“ಕಾಲಲ್ಲಿ ಒತ್ತಿಡ್ಕೋತೀನಿ ಬಿಡಮ್ಮ” ಎಂದು ಹವಾಯಿ ಚಪ್ಪಲಿಯ ಕಾಲನ್ನು ಮೋಟಾರಿನ ಮೇಲಿಟ್ಟರು.

ವೈರು ಮುಟ್ಟಿಸಿದ ತಕ್ಷಣ ಮೋಟಾರು ಮೈ ಕೊಡವಿ ಎದ್ದಿತು. ಚಪ್ಪಲಿ ಒಂದು ಕಡೆ, ಭಾವನವರು ಇನ್ನೊಂದು ಕಡೆ. ಮುಂದಕ್ಕೆ ಚಾಚಿದ ಗೇರು ಗಿರ್ರನೆ ತಿರುಗುತ್ತ ಅತ್ತೆಯ ಅವರೆಕಾಯಿ ಮೊರಕ್ಕೆ ನುಗ್ಗಿ, ಸಿಪ್ಪೆಯನ್ನೂ ಕಾಳನ್ನೂ ಬೇಲಿಯ ತನಕ ಎರಚಿತು. ವೈರು ಕಳಚಿಕೊಂಡ ಮೇಲಷ್ಟೇ ಅದು ನಿಂತಿತು. ನೋಡಲು ಬಂದಿದ್ದ ಇಬ್ಬರೂ ತಲೆಯ ಮೇಲಿನ ಸಿಪ್ಪೆ ತೆಗೆದುಕೊಳ್ಳುತ್ತ ಆಕಾಶ ನೋಡಿದರು.

ಅತ್ತೆ ಕೂತಲ್ಲಿಂದ ಏಳಲಿಲ್ಲ. “ಕಟ್ಟು ಅಂತ ಅವಳು ಹೇಳಿದ್ದು ನನ್ನಂಥ ಮುದುಕೀಗೆ ಕೇಳಿಸ್ತಪ್ಪ. ನಿಂಗೆ ಕೇಳಿಸ್ಲಿಲ್ವಾ?” ಅಂದರು.

ನಾನು ಮೋಟಾರನ್ನು ಬಟ್ಟೆ ಒಗೆಯುವ ಕಲ್ಲಿಗೆ ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿ ಮತ್ತೆ ವೈರು ಕೊಟ್ಟೆ. ಗೇರು ಟಣ್ಣೆಂದು ಮುಂದೆ ಬಂತು, ಗೊರಗೊರ ಇಲ್ಲದೆ ಒಂದೇ ಹದದಲ್ಲಿ ತಿರುಗಿತು, ವೈರು ತೆಗೆದೊಡನೆ ಹಿಂದೆ ಸರಿಯಿತು. ಆ ಸದ್ದು ನನಗೆ ಎಂಥ ಖುಷಿ ಕೊಟ್ಟಿತೆಂದರೆ, ಅಗತ್ಯವಿಲ್ಲದಿದ್ದರೂ ಇನ್ನೊಂದು ಸಲ ಓಡಿಸಿದೆ. ಸಂಜೆಯೊಳಗೆ ಕಾರಿಗೆ ಕೂರಿಸಿದೆ. ಕೀಲಿ ತಿರುಗಿಸಿದವರು ಭಾವನವರು. ಅರ್ಧ ತಿರುಗಿಸುವಷ್ಟರಲ್ಲಿ ಕಾರು ಶುರುವಾಯಿತು. “ನೋಡಿದ್ಯಾ, ವಿಡಿಯೋದಲ್ಲಿ ಹೇಳಿದ್ದು ಇದನ್ನೇ” ಅಂದರು.

ಚಿಂತಾಮಣಿಯಲ್ಲಿ ನಿಶ್ಚಯವಾಗಿದ್ದ ಆ ಮದುವೆಯ ಹೊತ್ತಿಗೆ ಕಥೆ ಪೂರ್ತಿ ಬದಲಾಗಿತ್ತು. ಪಂಕ್ತಿಯಲ್ಲಿ ಎಲೆ ಮುಂದೆ ಕೂತು ಭಾವನವರು, ತಾವು ಹೇಗೆ ಸೆಲ್ಫ್ ಬಿಚ್ಚಿದರು, ಹೇಗೆ ಸಂದಿ ಸಂದಿ ಕೆರೆದರು ಎಂದು ವರ್ಣಿಸುತ್ತಿದ್ದರು. “ನಮ್ಮ ತಮ್ಮನ ಹೆಂಡ್ತೀನೂ ಸ್ಪ್ಯಾನರ್ ಎತ್ತಿಕೊಟ್ಲು, ಪಾಪ” ಎಂದು ನನಗೂ ಒಂದು ಪಾಲು ಕೊಟ್ಟರು. ಅವರ ಎಲೆಗೆ ಪಾಯಸ ಬಡಿಸುತ್ತಿದ್ದವಳು ನಾನೇ. ಸೌಟು ಸ್ವಲ್ಪ ವಾಲಿತು. ಪಂಚೆಯ ಮೇಲೆ ಬಿದ್ದದ್ದು ಬಿಸಿಯಾಗಿಯೇ ಇತ್ತು ಎಂದು ಆಮೇಲೆ ಗೊತ್ತಾಯಿತು.

ಪಂಕ್ತಿಯಲ್ಲಿ ಆ ವರ್ಣನೆ ಕೇಳಿಸಿಕೊಂಡಿದ್ದ ಮುದ್ದೇನಹಳ್ಳಿಯವರೊಬ್ಬರು ಕೆಲವು ದಿನಗಳ ಮೇಲೆ ತಮ್ಮ ಗೂಡ್ಸ್ ಗಾಡಿಯ ಸೆಲ್ಫನ್ನು ಚೀಲದಲ್ಲಿ ಹೊತ್ತು ಮನೆಗೆ ಬಂದರು. ಭಾವನವರು ಕಾಫಿ ತರಿಸಿ, ಒಳಗೆ ಬಂದು ನನಗೆ ಮೆಲ್ಲಗೆ, “ಹಿತ್ತಿಲಲ್ಲಿ ಇಟ್ಕೊಂಡು ಒಂಚೂರು ನೋಡ್ಬಿಡಮ್ಮ. ನಾನು ಇವ್ರನ್ನ ಮಾತಾಡಿಸ್ತಿರ್ತೀನಿ” ಅಂದರು.

ನಾನು ಗೋಣಿಚೀಲ ತಂದು ನಡುಮನೆಯಲ್ಲೇ ಹಾಸಿದೆ. ಮೋಟಾರನ್ನು ಅದರ ಮೇಲಿಟ್ಟು, ಪಕ್ಕದಲ್ಲಿ ಸ್ಪ್ಯಾನರುಗಳನ್ನು ಜೋಡಿಸಿ, ಬಂದವರ ಎದುರಿಗೇ, “ಬಿಚ್ಚಿ ಭಾವ. ನಾನು ಎತ್ತಿಕೊಡ್ತೀನಿ” ಅಂದೆ.

ಮುದ್ದೇನಹಳ್ಳಿಯವರು ಕಾಫಿ ಲೋಟ ಹಿಡಿದು ಆಸಕ್ತಿಯಿಂದ ಕಾಯುತ್ತಿದ್ದರು. ಅತ್ತೆ ಬಂದು ಕಂಬಕ್ಕೆ ಒರಗಿ ಕೂತರು. ಭಾವನವರು ಒಂದು ಸ್ಪ್ಯಾನರ್ ಎತ್ತಿಕೊಂಡು ಅದರ ಎರಡೂ ತುದಿ ನೋಡಿ, “ಇದು ಬೇರೆ ಮಾಡೆಲ್ಲು. ಇದಕ್ಕೆ ಅಂಗಡೀಲಿರೋ ಮೆಷಿನ್ನೇ ಬೇಕು” ಅಂದರು. ಸ್ವತಃ ಚೀಲ ಹೊತ್ತು ಚಿಂತಾಮಣಿಯ ಒಂದು ಅಂಗಡಿಗೆ ಹೋಗಿ ಕೊಟ್ಟು, ಸಂಜೆ ತಂದು ಒಪ್ಪಿಸಿದರು. ಗಾಡಿಯವರು ಮುಂದಿನ ಸಲ ನನಗೇ ಫೋನು ಮಾಡಿದರು.

ಈಗ ಭಾವನವರು ಸೆಲ್ಫಿನ ಸುದ್ದಿ ಎತ್ತುವುದಿಲ್ಲ. ಬೋರ್‌ವೆಲ್ ಮೋಟಾರುಗಳ ಬಗ್ಗೆ ಸಲಹೆ ಕೊಡಲು ಶುರುಮಾಡಿದ್ದಾರೆ. ನಮ್ಮ ಕಡೆ ಅವು ಪಾತಾಳದಲ್ಲಿರುತ್ತವೆ. ಯಾರೂ ಚೀಲದಲ್ಲಿ ಹಾಕಿಕೊಂಡು ನಡುಮನೆಗೆ ತರುವ ಭಯವಿಲ್ಲ.