ನನ್ನ ಕಾಲ ಮೇಲಿನ ಸಿಂಹ

ಅಕ್ಕ ತನ್ನ ಒಂದು ಕಿಡ್ನಿ ನನಗೆ ಕೊಟ್ಟು ಮೂರು ವರ್ಷವಾಗಿತ್ತು. ಅದನ್ನು ನನ್ನ ಮೈ ಹೊರಗಿನದೆಂದು ತಳ್ಳದಿರಲಿ ಎಂದು ದಿನಾ ಮಾತ್ರೆ ನುಂಗುತ್ತೇನೆ. ಆ ಮಾತ್ರೆಗಳು ಮೈಯ ಕಾವಲನ್ನೇ ಮಲಗಿಸಿಬಿಡುತ್ತವೆ. ಹಾಗಾಗಿ ಸಣ್ಣ ಗಾಯವೂ ನನಗೆ ಸಣ್ಣದಲ್ಲ.

ಹಂಪಿಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವುದು ನನ್ನ ಕೆಲಸ. ಒಂದು ದಿನ ಸೈಕಲ್ ಪೆಡಲ್ ತಾಗಿ ಕಾಲು ತರಚಿತು. ಮೂರನೇ ದಿನಕ್ಕೆ ಮೊಣಕಾಲ ಕೆಳಗೆ ಕೆಂಪಗೆ ಊದಿಕೊಂಡು ಸುಡತೊಡಗಿತು. ಹೊಸಪೇಟೆಯ ಡಾಕ್ಟರು, ಚರ್ಮದೊಳಗೆ ಸೋಂಕು ಇಳಿದಿದೆ ಎಂದು ಇಂಜೆಕ್ಷನ್ ಕೊಟ್ಟು, ಕೆಂಪಿನ ಅಂಚಿಗೆ ನೀಲಿ ಪೆನ್ನಿನಲ್ಲಿ ಗೆರೆ ಎಳೆದರು.

“ಕೆಂಪು ಈ ಗೆರಿ ದಾಟಿತಂದ್ರ ತಡ ಮಾಡಬ್ಯಾಡ್ರಿ, ಬಂದು ಅಡ್ಮಿಟ್ ಆಗ್ರಿ. ಕಾಲು ಹೋಗಬಹುದು, ಜೀವಾನೂ ಹೋಗಬಹುದು.”

ಮನೆಗೆ ಬಂದು ಗೆರೆಯನ್ನೇ ನೋಡುತ್ತಾ ಕೂತೆ. ಜ್ವರಕ್ಕೆ ಕಣ್ಣು ಎಳೆದುಕೊಂಡು ಹೋಯಿತು. ಎದ್ದಾಗ ಕಾಲ ಮೇಲೆ ಸಿಂಹವಿತ್ತು.

ಸುದ್ದಿ ಕೇಳಿ ಎಮ್ಮಿಗನೂರಿನಿಂದ ಓಡಿ ಬಂದಿದ್ದ ಅಕ್ಕ, ಇದು ಸರ್ಪಸುತ್ತು ಎಂದು ತಾನೇ ತೀರ್ಮಾನಿಸಿದ್ದಳು. ಸರ್ಪಸುತ್ತಿಗೆ ಕೆಮ್ಮಣ್ಣಿನಲ್ಲಿ ಸಿಂಹ ಬರೆದರೆ ಹಾವು ಹೆದರುತ್ತದೆಂಬುದು ಅವಳ ನಂಬಿಕೆ. ಸಂಡೂರಿನ ಕೆಮ್ಮಣ್ಣನ್ನು ಚೀಲದಲ್ಲೇ ತಂದಿದ್ದಳು. ಚಿತ್ರ ಬರೆಯಲು ಮಾತ್ರ ಬರುವುದಿಲ್ಲ. ಸಿಂಹಕ್ಕೆ ಎಮ್ಮೆಯ ಮುಖ, ಐದು ಕಾಲು. ಡಾಕ್ಟರ ಗೆರೆ ಅದರ ಹೊಟ್ಟೆಯಡಿ ಮುಚ್ಚಿಹೋಗಿತ್ತು.

“ಯಾವುದು ಮಣ್ಣು, ಯಾವುದು ಸೋಂಕು, ಹೆಂಗ ಗೊತ್ತಾಗಬೇಕು?” ಎಂದು ಕಿರುಚಿದೆ.

“ಕಿಡ್ನಿ ಕೊಟ್ಟಾಕಿ ನಾನು. ಮಣ್ಣು ಹಚ್ಚಾಕ ನಿನ್ನ ಕೇಳಬೇಕೇನ್ಲೇ? ಮತ್ತ, ಐದನೇದು ಬಾಲ.”

ಮೈಯೆಲ್ಲ ಉರಿಯಿತು. ಮೂರು ವರ್ಷದಿಂದ ನಮ್ಮ ಜಗಳವೆಲ್ಲ ಆ ಕಿಡ್ನಿಗೇ ಬಂದು ನಿಲ್ಲುತ್ತದೆ, ನಾನೇ ಸೋಲುತ್ತೇನೆ. ಬಕೆಟ್ ನೀರು ತಂದು ಸಿಂಹವನ್ನು ಹಿಂಗಾಲಿನಿಂದ ತೊಳೆಯುತ್ತಾ ಬಂದೆ. ಮಸುಕಾದ ಗೆರೆ ಕಂಡಿತು. ಕೆಂಪು ಅದನ್ನು ಎರಡು ಬೆರಳು ದಾಟಿತ್ತು.

ಅಕ್ಕ ಬರಿಗಾಲಲ್ಲೇ ಆಟೋ ಹುಡುಕಲು ಓಡಿದಳು.

ಆಸ್ಪತ್ರೆಯಲ್ಲಿ ಎಮ್ಮೆಯ ಮುಖ ಇನ್ನೂ ಹಾಗೇ ಇತ್ತು. ಡಾಕ್ಟರು ಕೆಂಡವಾದರು. “ಯಾರ್ರೀ ಇದನ್ನ ಬರದದ್ದು?”

“ನಾನೇ” ಎಂದೆ.

“ಸುಳ್ಳು ಹೇಳ್ತಾನ್ರಿ. ನಾನ ಬರದೀನಿ” ಎಂದ ಅಕ್ಕನ ಉಗುರ ಸಂದಿಯಲ್ಲಿ ಇನ್ನೂ ಕೆಮ್ಮಣ್ಣಿತ್ತು. “ಡಾಕ್ಟ್ರೇ, ನಂದು ಇನ್ನೊಂದು ಕಿಡ್ನಿ ಐತ್ರಿ. ಕಾಲಿಗೆ ಅದು ನಡೀತದೇನ್ರಿ?”

ಡಾಕ್ಟರು ಬೈಯುವುದನ್ನು ಬಿಟ್ಟು ಹೊಸ ಗೆರೆ ಎಳೆದರು. ಕೆಂಪು ಅದನ್ನು ದಾಟದಂತೆ ಅಕ್ಕ ಹತ್ತು ದಿನ ಕಾದಳು.